ಲಿಮಿಟೆಡ್ ಎಡಿಷನ್ ಗಾಡಿಗೆ ಮುಂದೆ ರೇಟು ಸಿಗುತ್ತಾ? ದುಡ್ಡು ಕಟ್ಟೋ ಮೊದಲು ಹೀಗೆ ನೋಡಿ

ಹೋದ ಶ್ರಾವಣದಲ್ಲಿ ನಂಜನಗೂಡು ಕಡೆಯ ರಿಟೈರ್ಡ್ ಮೇಷ್ಟ್ರೊಬ್ಬರು ತಮ್ಮ ಗಾಡಿ ತಂದು ನನ್ನ ಅಂಗಡಿ ಮುಂದೆ ನಿಲ್ಲಿಸಿದರು. ನಾಲ್ಕು ವರ್ಷದ ಕೆಂಪು ಹ್ಯಾಚ್‌ಬ್ಯಾಕ್, 31 ಸಾವಿರ ಕಿಲೋಮೀಟರ್, ಒಬ್ಬರೇ ಓನರ್. ಕೂತವರೇ ಫೈಲಿನಿಂದ ಇನ್‌ವಾಯ್ಸ್ ತೆಗೆದು ಮೇಜಿನ ಮೇಲಿಟ್ಟು, "ನೋಡಪ್ಪಾ, ಇದು ಲಿಮಿಟೆಡ್ ಎಡಿಷನ್ನು. ಮಾಮೂಲಿಗಿಂತ 48 ಸಾವಿರ ಜಾಸ್ತಿ ಕೊಟ್ಟಿದ್ದೀನಿ. ಅದನ್ನ ಲೆಕ್ಕಕ್ಕೆ ಹಿಡಿದು ರೇಟು ಹೇಳು" ಅಂದರು.

ಬಾಯಲ್ಲಿ ಹೇಳಿದರೆ ಬೇಜಾರಾಗುತ್ತೆ ಅಂತ ನಾನು ಅವರ ಎದುರೇ ಫೋನ್ ಸ್ಪೀಕರಿಗೆ ಹಾಕಿ ಮೂವರು ಡೀಲರುಗಳಿಗೆ ಕೇಳಿದೆ. ಮೂವರೂ ಕೇಳಿದ್ದು ಒಂದೇ: ಯಾವ ವರ್ಷ, ಪೆಟ್ರೋಲಾ, ಟಾಪ್ ಮಾಡೆಲ್ಲಾ ಮಿಡ್ಲಾ, ಎಷ್ಟನೇ ಓನರ್, ಇನ್ಶೂರೆನ್ಸ್ ಕ್ಲೇಮ್ ಆಗಿದೆಯಾ. ಎಡಿಷನ್ ಅಂತ ನಾನೇ ಬಾಯಿಬಿಟ್ಟು ಹೇಳಿದ್ದಕ್ಕೆ ಮೂರನೆಯವನು, "ಓ, ಆ ಪಟ್ಟೆ ಸ್ಟಿಕ್ಕರ್ ಬಂದಿತ್ತಲ್ಲ, ಅದಾ? ತೆಗೆಸಿಬಿಡಣ್ಣ, ಗಿರಾಕಿ ಕಿರಿಕಿರಿ ಮಾಡ್ತಾನೆ" ಅಂದ. ಮೇಷ್ಟ್ರು ಮುಖ ನೋಡೋಕಾಗಲಿಲ್ಲ.

ತೆಗೆಸೋದೂ ಅಷ್ಟು ಸುಲಭವಿರಲಿಲ್ಲ. ಹೊರಗೆ ಹೋಗಿ ಹಿಂದಿನ ಬಾಗಿಲಿನ ಹತ್ತಿರ ಕೂತು ನೋಡಿದೆ. ಪಟ್ಟೆಯ ಒಂದು ತುದಿ ಬಿಸಿಲಿಗೆ ಸುರುಳಿಯಾಗಿ ಎದ್ದಿತ್ತು, ಅಂಟಿನ ಮೇಲೆ ಮಣ್ಣು ಕೂತು ಕಪ್ಪಗೆ ಗೆರೆಯಾಗಿತ್ತು. ಉಗುರಿನಿಂದ ಒಂದಿಂಚು ಎಬ್ಬಿಸಿದರೆ ಅದರಡಿಯ ಕೆಂಪು ಶೋರೂಮಿನಿಂದ ಬಂದ ದಿನದ ಹಾಗೇ ಇದೆ. ಸುತ್ತಲಿನ ಕೆಂಪು ನಾಲ್ಕು ವರ್ಷದ ಬಿಸಿಲು ತಿಂದು ಇಟ್ಟಿಗೆ ಬಣ್ಣಕ್ಕೆ ಬಂದಿದೆ. ಸ್ಟಿಕ್ಕರ್ ಕಿತ್ತರೂ ಅದರ ಆಕಾರ ಬಾಗಿಲ ಮೇಲೆ ಉಳಿಯುತ್ತೆ. ಪಾಲಿಶ್ ಹೊಡೆಸಿದರೆ ಸ್ವಲ್ಪ ಸಮ ಆಗಬಹುದು, ಪೂರ್ತಿ ಹೋಗಬೇಕಂದರೆ ಬಾಗಿಲಿಗೆ ಪೇಂಟೇ ಗತಿ. ಪೇಂಟ್ ಹೊಡೆಸಿದ ಬಾಗಿಲು ಕಂಡರೆ ಕೊಳ್ಳುವವನು ಆ್ಯಕ್ಸಿಡೆಂಟ್ ಗಾಡಿ ಅಂತಾನೆ. ಹಾಗಾಗಿ 48 ಸಾವಿರ ಕೊಟ್ಟು ಹಾಕಿಸಿದ ಪಟ್ಟೆ ಈಗ ರೇಟು ಇಳಿಸೋ ವಸ್ತು.

ನಾನು ಮೈಸೂರಲ್ಲಿ ಸೆಕೆಂಡ್ ಹ್ಯಾಂಡ್ ಗಾಡಿ ವ್ಯವಹಾರಕ್ಕೆ ಇಳಿದು 22 ವರ್ಷ ಆಯಿತು. ಶುರು ಮಾಡಿದಾಗ ಕ್ವಾಲಿಸ್, ಸ್ಯಾಂಟ್ರೊ, ಮಾರುತಿ 800ರ ಕಾಲ. ಎಡಿಷನ್ ಅನ್ನೋ ಮಾತೇ ಅಪರೂಪ. ಈಗ ಹಬ್ಬಕ್ಕೊಂದು, ವಾರ್ಷಿಕೋತ್ಸವಕ್ಕೊಂದು, ಕಪ್ಪು ಬಣ್ಣಕ್ಕೊಂದು ಎಡಿಷನ್. ಎಲ್ಲವೂ ದಂಡ ಅಂತ ನಾನು ಹೇಳಲ್ಲ. ಕೆಲವಕ್ಕೆ ನಿಜವಾಗಿಯೂ ಗಿರಾಕಿ ಹುಡುಕಿಕೊಂಡು ಬರ್ತಾರೆ. ಯಾವುದು ಯಾವುದು ಅಂತ ಬೇರ್ಪಡಿಸೋದು ಹೇಗೆ ಅನ್ನೋದನ್ನ ನಾನು ಅಂಗಡಿಯಲ್ಲಿ ಹೇಳೋ ರೀತಿಯಲ್ಲೇ ಇಲ್ಲಿ ಬರೀತೀನಿ.

ಮೊದಲು ಬಾನೆಟ್ ಎತ್ತಿ

ಶೋರೂಮಿನಲ್ಲಿ ಎಡಿಷನ್ ಗಾಡಿ ತೋರಿಸಿದಾಗ ಒಂದು ಹಾಳೆ ತೊಗೊಂಡು, ಅದೇ ವೇರಿಯಂಟಿನ ಮಾಮೂಲಿ ಗಾಡಿಗೂ ಇದಕ್ಕೂ ಏನೇನು ವ್ಯತ್ಯಾಸ ಅಂತ ಸೇಲ್ಸ್ ಹುಡುಗನ ಕೈಲೇ ಬರೆಸಿ. ಬ್ಯಾಡ್ಜು, ಸೀಟ್ ಕವರು, ಸ್ಟಿಕ್ಕರು, ಕಪ್ಪು ಬಳಿದ ಅಲಾಯ್, ಬಾಗಿಲು ತೆಗೆದರೆ ನೆಲಕ್ಕೆ ಹೆಸರು ಬೀಳಿಸೋ ದೀಪ, ಡ್ಯಾಶ್‌ಬೋರ್ಡಲ್ಲಿ ಒಂದು ಚಿನ್ನದ ಬಣ್ಣದ ಪಟ್ಟಿ. ಆಮೇಲೆ ಬೆಂಗಳೂರಿನ ಜೆ.ಸಿ. ರೋಡಿನಲ್ಲೋ ನಿಮ್ಮೂರಿನ ಆಕ್ಸೆಸರಿ ಅಂಗಡಿಯಲ್ಲೋ ಸಿಗೋದನ್ನೆಲ್ಲ ಒಂದೊಂದಾಗಿ ಹೊಡೆದು ಹಾಕಿ. ಹಾಳೆಯಲ್ಲಿ ಏನಾದರೂ ಉಳಿಯಿತಾ? ಎಂಜಿನ್, ಗೇರ್‌ಬಾಕ್ಸ್, ಸಸ್ಪೆನ್ಷನ್, ಬ್ರೇಕ್, ಬಾಡಿ ಇವುಗಳಲ್ಲಿ ಏನಾದರೂ ಬೇರೆ ಇದ್ದರೆ ಮಾತ್ರ ಮುಂದಿನ ಮಾತು. ಏನೂ ಉಳಿಯದಿದ್ದರೆ ನೀವು ಕೊಡ್ತಿರೋದು ಅಲಂಕಾರದ ದುಡ್ಡು. ಕೊಡಬೇಡಿ ಅಂತಲ್ಲ, ಮದುವೆ ಮಂಟಪಕ್ಕೂ ಹೂವಿಗೆ ಕೊಡ್ತೀವಿ. ವಾಪಸ್ ಬರುತ್ತೆ ಅಂತ ಮಾತ್ರ ಕಾಯಬೇಡಿ.

ಎಂಜಿನ್ನೇ ಬೇರೆ ಇದ್ದ ಗಾಡಿಗೆ ಒಳ್ಳೆ ಉದಾಹರಣೆ ಫೋಕ್ಸ್‌ವ್ಯಾಗನ್ ಪೋಲೋ ಜಿಟಿಐ. 2016ರ ಕೊನೆಯಲ್ಲಿ ಇಂಡಿಯಾಕ್ಕೆ 99 ಗಾಡಿ ಮಾತ್ರ ಅಂತ ತಂದರು. ಮೂರು ಬಾಗಿಲು, 1.8 ಲೀಟರ್ ಟರ್ಬೊ ಪೆಟ್ರೋಲ್, 192 ಕುದುರೆಶಕ್ತಿ. ಎಕ್ಸ್ ಶೋರೂಮ್, ಅಂದರೆ ರೋಡ್ ಟ್ಯಾಕ್ಸು, ಇನ್ಶೂರೆನ್ಸ್ ಸೇರಿಸದ ಬೆಲೆ, 25.65 ಲಕ್ಷ. ಆಗ ನಮ್ಮಲ್ಲಿ ಆ ದುಡ್ಡಿಗೆ ಮನೆಮಂದಿಯೆಲ್ಲ ಕೂರೋ ಇನ್ನೋವಾ ಕ್ರಿಸ್ಟಾ ಬರ್ತಿತ್ತು. ಮೂರು ಬಾಗಿಲ ಪೋಲೋಗೆ ಯಾರು ಕೊಡ್ತಾರೆ? ಬರೀ 99 ಗಾಡಿ ಖಾಲಿ ಮಾಡೋಕೂ ಒದ್ದಾಡಿ ಮರುವರ್ಷ 19.99 ಲಕ್ಷಕ್ಕೆ ಇಳಿಸಿದರು. ಮೊದಲು ತೊಗೊಂಡವರ ಐದೂವರೆ ಲಕ್ಷ ಒಂದೇ ದಿನದಲ್ಲಿ ಆವಿ. ಅದೇ ಗಾಡಿಯನ್ನ ಈಗ ಫೋಕ್ಸ್‌ವ್ಯಾಗನ್ ಹುಚ್ಚಿರೋ ಹುಡುಗರು ಊರೂರು ಸುತ್ತಿ ಹುಡುಕ್ತಾರೆ. ಗಾಡಿ ಒಂದೇ, ಸಂಖ್ಯೆಯೂ ಅಷ್ಟೇ; ಬಂದ ದಿನ ಕೇಳೋರಿರಲಿಲ್ಲ, ಈಗ ಇದ್ದಾರೆ. ಯಾರಾದರೂ ನಿಮಗೆ "ಬರೀ 500 ಗಾಡಿ ಸಾರ್" ಅಂದರೆ, 501ನೆಯವನು ಯಾರು ಅಂತ ಕೇಳಿ. ಸಾಲಿನಲ್ಲಿ ನಿಂತು ಸಿಗದೆ ವಾಪಸ್ ಹೋದವನು ಇದ್ದರೆ ತಾನೇ ನಾಳೆ ನಿಮ್ಮ ಹತ್ತಿರ ಬರೋದು.

ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 245 ಇದಕ್ಕೆ ವಿರುದ್ಧ. 2020ರಲ್ಲಿ 200 ಗಾಡಿ, 35.99 ಲಕ್ಷ, ಎಲ್ಲ ಬುಕ್ ಆಗಿ ಹೋದವು. 2025ರಲ್ಲಿ ಹೊಸ ಆರ್‌ಎಸ್ 100 ಗಾಡಿ ತಂದಾಗ ಬೆಲೆ 49.99 ಲಕ್ಷ, ಅವೂ ಖಾಲಿ. ಹೊಸದರ ಬೆಲೆ ಏರಿದಾಗ ಹಳೆಯದರ ಓನರಿಗೆ ಬಾಯಿ ಬರುತ್ತೆ. "ಹೊಸದು ಸಿಕ್ಕರೆ ಅರವತ್ತು ಲಕ್ಷದ ಮೇಲೆ ಆನ್‌ರೋಡು, ನನ್ನದು ಇಷ್ಟಕ್ಕೆ ಬರುತ್ತೆ" ಅಂತ ಅವನು ಹೇಳಬಹುದು. ನಿಮ್ಮ ಎಡಿಷನ್ ಗಾಡಿಯ ಹೊಸ ತಲೆಮಾರು ಕಡಿಮೆ ಬೆಲೆಗೆ, ಹೆಚ್ಚು ಸೌಕರ್ಯದ ಜೊತೆ ಬಂದುಬಿಟ್ಟರೆ ಇದೇ ತಕ್ಕಡಿ ಉಲ್ಟಾ ಹೊಡೆಯುತ್ತೆ.

ಹೊರದೇಶದಲ್ಲೂ ಕಥೆ ಇಷ್ಟೇ. ಪೋರ್ಶೆ 911 ಆರ್ ಅಂತ 2016ರಲ್ಲಿ 991 ಗಾಡಿ ಮಾಡಿದರು, ಮ್ಯಾನುವಲ್ ಗೇರ್ ಅದರ ಆಕರ್ಷಣೆ. ಕೊಂಡವರು ಕೆಲವೇ ತಿಂಗಳಲ್ಲಿ ಹಲವು ಪಟ್ಟು ರೇಟು ಹೇಳೋಕೆ ಶುರು ಮಾಡಿದರು. ಮರುವರ್ಷ ಕಂಪನಿ ಜಿಟಿ3 ಟೂರಿಂಗ್ ಅಂತ ಹೆಚ್ಚುಕಮ್ಮಿ ಅದೇ ಸುಖ ಕೊಡೋ ಇನ್ನೊಂದನ್ನ ಮ್ಯಾನುವಲ್ ಗೇರಿನಲ್ಲೇ ಬಿಟ್ಟಿತು, ಆರ್ ರೇಟು ಕುಸಿಯಿತು. ಕಂಪನಿಯವರು ಇನ್ನೊಂದು ಮಾಡಲ್ಲ ಅಂತ ನಿಮಗೇನೂ ಬರೆದು ಕೊಟ್ಟಿರಲ್ಲ.

ಕರ್ನಾಟಕದಲ್ಲಿ 50 ಸಾವಿರ ಅಂದರೆ 50 ಸಾವಿರ ಅಲ್ಲ

ಇದನ್ನ ಯಾರೂ ಲೆಕ್ಕ ಹಾಕಲ್ಲ. ನಮ್ಮ ರಾಜ್ಯದ ಲೈಫ್ ಟ್ಯಾಕ್ಸ್ ಸ್ಲ್ಯಾಬ್ ಪ್ರಕಾರ 5ರಿಂದ 10 ಲಕ್ಷದ ಗಾಡಿಗೆ 14 ಪರ್ಸೆಂಟ್, 10ರಿಂದ 20 ಲಕ್ಷಕ್ಕೆ 17, ಅದರ ಮೇಲೆ 18. ಟ್ಯಾಕ್ಸಿನ ಮೇಲೆ ಸೆಸ್ ಬೇರೆ. ಸ್ಲ್ಯಾಬ್ ದಾಟಿದರೆ ದಾಟಿದ ಭಾಗಕ್ಕಷ್ಟೇ ಅಲ್ಲ, ಇಡೀ ಬೆಲೆಗೆ ಹೊಸ ದರ.

ಮಾಮೂಲಿ ಗಾಡಿ 9.80 ಲಕ್ಷ ಅಂತಿಟ್ಟುಕೊಳ್ಳಿ. 14 ಪರ್ಸೆಂಟ್ ಅಂದರೆ ಟ್ಯಾಕ್ಸ್ 1,37,200. ಅದರ ಎಡಿಷನ್ 50 ಸಾವಿರ ಜಾಸ್ತಿ, 10.30 ಲಕ್ಷ. ಈಗ 17 ಪರ್ಸೆಂಟ್, 1,75,100. ಟ್ಯಾಕ್ಸೇ 37,900 ಹೆಚ್ಚಾಯಿತು, ಸೆಸ್ ಸೇರಿದರೆ 40 ಸಾವಿರ ದಾಟುತ್ತೆ. 50 ಸಾವಿರದ ಸ್ಟಿಕ್ಕರಿಗೆ 90 ಸಾವಿರ ಬಿತ್ತು, ಇನ್ಶೂರೆನ್ಸ್ ಇನ್ನೂ ಸೇರಿಸಿಲ್ಲ. 10 ಲಕ್ಷ ದಾಟಿದ್ದಕ್ಕೆ ಒಂದು ಪರ್ಸೆಂಟ್ ಟಿಸಿಎಸ್, ಅಂದರೆ ಇನ್‌ಕಮ್ ಟ್ಯಾಕ್ಸಿನ ಮುಂಗಡ, ಬೇರೆ ಕಟ್ಟಿಸಿಕೊಳ್ತಾರೆ; ಅದು ರಿಟರ್ನ್ಸ್ ಫೈಲ್ ಮಾಡಿದರೆ ಲೆಕ್ಕಕ್ಕೆ ಬರುತ್ತೆ ಬಿಡಿ, ಮಿಕ್ಕಿದ್ದು ಬರಲ್ಲ. ಲೋನ್ ಮೇಲೆ ತೊಗೊಂಡಿದ್ದರೆ ಐದು ವರ್ಷದ ಬಡ್ಡಿಯೂ ಇದರ ತಲೆಗೇ.

ಹಾಗಾಗಿ ನಿಮ್ಮ ಬೆಲೆ 9.50 ಲಕ್ಷದಿಂದ 10 ಲಕ್ಷದ ನಡುವೆ, ಇಲ್ಲಾ 19.50ರಿಂದ 20ರ ನಡುವೆ ಇದ್ದರೆ, ಎಡಿಷನ್ ಅಂದ ತಕ್ಷಣ ಎಕ್ಸ್ ಶೋರೂಮ್ ನೋಡಬೇಡಿ, ಎರಡರ ಆನ್‌ರೋಡ್ ಕೊಟೇಶನ್ ಪಕ್ಕಪಕ್ಕ ಬರೆಸಿಕೊಳ್ಳಿ. ಕೆಲವು ಎಡಿಷನ್ನುಗಳಲ್ಲಿ ಕಿಟ್‌ನ ಬೆಲೆ ಗಾಡಿ ಇನ್‌ವಾಯ್ಸಲ್ಲಿ ಸೇರಿರಲ್ಲ, ಆಕ್ಸೆಸರಿ ಅಂತ ಬೇರೆ ಬಿಲ್ ಮಾಡ್ತಾರೆ. ಟ್ಯಾಕ್ಸ್ ಉಳಿಯುತ್ತೆ ಅನ್ನೋದು ಖುಷಿ. ಆದರೆ ಅಂಥ ಬಿಲ್ ಇದ್ದರೆ ಅದು ಡೀಲರ್ ಜೋಡಿಸಿದ್ದು, ಫ್ಯಾಕ್ಟರಿಯಲ್ಲಿ ಹುಟ್ಟಿದ್ದಲ್ಲ ಅಂತ ನೀವೇ ಪುರಾವೆ ಇಟ್ಟುಕೊಂಡ ಹಾಗೆ. ಮುಂದೆ ಎಡಿಷನ್ ಅಂತ ಹೆಚ್ಚು ಕೇಳೋಕೆ ಬಾಯಿ ಇರಲ್ಲ.

ಇನ್ಶೂರೆನ್ಸ್ ವಿಷಯವೂ ಹೀಗೇ. ಐಡಿವಿ ಅಂತ ಇರುತ್ತಲ್ಲ, ಕಳವಾದರೆ ಇಲ್ಲಾ ಪೂರ್ತಿ ಜಖಂ ಆದರೆ ಸಿಗೋ ದುಡ್ಡು, ಅದಕ್ಕೆ ಕಟ್ಟುನಿಟ್ಟಾದ ಪಟ್ಟಿ ಇದೆ: ಆರು ತಿಂಗಳೊಳಗೆ 5 ಪರ್ಸೆಂಟ್ ಸವಕಳಿ, ವರ್ಷದೊಳಗೆ 15, ಎರಡು ವರ್ಷದೊಳಗೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50. ಆ ಪಟ್ಟಿಗೆ ನಿಮ್ಮದು ಇಂಡಿಯಾದಲ್ಲಿ ಬರೀ ನೂರೇ ಗಾಡಿ ಅಂತ ಗೊತ್ತಿರಲ್ಲ. ಬೇರೆ ಬಿಲ್ಲಲ್ಲಿ ಬಂದ ಕಿಟ್ಟನ್ನ ಪಾಲಿಸಿಯಲ್ಲಿ ಪ್ರತ್ಯೇಕವಾಗಿ ತೋರಿಸಿ ಪ್ರೀಮಿಯಂ ಕಟ್ಟಿರದಿದ್ದರೆ ಅದಕ್ಕೆ ನಯಾಪೈಸೆಯೂ ಸಿಗಲ್ಲ.

ಎಡಿಷನ್ ಬಿಟ್ಟು ಕಂಪನಿ ಏನು ಹೇಳ್ತಿದೆ

ಕಂಪನಿ ಎಡಿಷನ್ ಯಾಕೆ ಬಿಡ್ತಿದೆ ಅಂತ ಯೋಚಿಸಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತೆ. ಒಂದು, ಗಾಡಿ ಓಡ್ತಿಲ್ಲ, ಸ್ಟಾಕ್ ಕೂತಿದೆ. ಮಾರುತಿ ಜಿಮ್ನಿ 2023ರ ಜೂನಿನಲ್ಲಿ 12.74 ಲಕ್ಷದಿಂದ ಶುರುವಾಯಿತು. ಡಿಸೆಂಬರಲ್ಲಿ ಥಂಡರ್ ಎಡಿಷನ್ ಬಂತು, 10.74 ಲಕ್ಷದಿಂದ! ಒಂದಿಷ್ಟು ಆಕ್ಸೆಸರಿ ಜಾಸ್ತಿ, ಬೆಲೆ ಎರಡು ಲಕ್ಷ ಕಡಿಮೆ. ಜೂನಿನಲ್ಲಿ ಸಾಲು ನಿಂತು ತೊಗೊಂಡಿದ್ದ ಒಬ್ಬ ಹುಡುಗ ನನ್ನ ಹತ್ತಿರ ಬಂದು, "ಅಂಕಲ್, ಆರು ತಿಂಗಳಿಗೆ ನಂಗೆ ಎಡಿಷನ್ ಇಲ್ಲದ ಎಡಿಷನ್ ಆಯ್ತು" ಅಂತ ನಕ್ಕ, ಅಳೋ ಹಾಗೆ. ಇಂಥ ಎಡಿಷನ್ ಕೊಳ್ಳೋಕೆ ಒಳ್ಳೇದೇ. ಆದರೆ ಮುಂದೆ ಮಾರುವಾಗ ಲೆಕ್ಕ ಶುರುವಾಗೋದು 10.74ರಿಂದ, 12.74ರಿಂದಲ್ಲ.

ಎರಡು, ಹಬ್ಬದ ಸೀಸನ್ನು, ಹೊಸ ಮಾತು ಬೇಕು. ಬಹುಪಾಲು ಎಡಿಷನ್ ಇದೇ ಜಾತಿ. ಸಂಖ್ಯೆ ಎಷ್ಟು ಅಂತ ಕೇಳಿದರೆ "ಸ್ಟಾಕ್ ಇರೋವರೆಗೆ ಸಾರ್" ಅಂತಾರೆ. ಅದು ಲಿಮಿಟೆಡ್ ಅಲ್ಲ, ಸೀರೆ ಅಂಗಡಿ ಆಷಾಢ ಸೇಲು.

ಮೂರು, ಮಾಡೆಲ್ ನಿಲ್ಲಿಸ್ತಿದ್ದಾರೆ, ಕೊನೇ ಬ್ಯಾಚು. ರೀಸೇಲ್ ಮನಸ್ಸಿನಲ್ಲಿದ್ದರೆ ಇಲ್ಲಿ ಕಣ್ಣಿಡಿ. 2019ರಲ್ಲಿ ಹಳೇ ಥಾರ್ ಮುಗಿಸುವಾಗ ಮಹೀಂದ್ರ ಥಾರ್ 700 ಅಂತ ಕೊನೇ 700 ಗಾಡಿ ಬಿಟ್ಟಿತು, 9.99 ಲಕ್ಷ, ಆನಂದ್ ಮಹೀಂದ್ರರ ಸಹಿ ಇರೋ ಬ್ಯಾಡ್ಜು. 2022ರಲ್ಲಿ ಪೋಲೋ ನಿಲ್ಲಿಸುವಾಗ ಲೆಜೆಂಡ್ ಎಡಿಷನ್, ಅದೂ 700, 10.25 ಲಕ್ಷ. ಎರಡಕ್ಕೂ ನನ್ನ ಹತ್ತಿರ ಕೇಳಿಕೊಂಡು ಬರೋರು ಇದ್ದಾರೆ. ಒಂದು ಗುಟ್ಟು ಹೇಳಲಾ? ಲೆಜೆಂಡ್ ಕೇಳಿಕೊಂಡು ಬಂದವನಿಗೆ ಅದೇ ಎಂಜಿನ್ನಿನ ಮಾಮೂಲಿ ಪೋಲೋ ಜಿಟಿ, ಕಡಿಮೆ ಓಡಿರೋದು, ತೋರಿಸಿದರೆ ಹತ್ತರಲ್ಲಿ ಎಂಟು ಜನ ಅದನ್ನೇ ತೊಗೊಂಡು ಹೋಗ್ತಾರೆ. ಅವರಿಗೆ ಬೇಕಾದ್ದು ಆ ಎಂಜಿನ್ನು, ಆ ಬಾಗಿಲು ಹಾಕಿದಾಗ ಆಗೋ ದಪ್ಪ ಸದ್ದು. ಬ್ಯಾಡ್ಜು ಬೋನಸ್ಸು. ಅಂದರೆ ರೇಟು ಉಳಿಸಿದ್ದು ಪೋಲೋ, ಲೆಜೆಂಡ್ ಅದರ ಬೆನ್ನೇರಿ ಬಂತು. ಮೊದಲೇ ಬೇಡಿಕೆ ಇಲ್ಲದ ಗಾಡಿಯ ಕೊನೇ ಬ್ಯಾಚಿಗೆ ಈ ಯೋಗ ಇರಲ್ಲ.

ನಾಲ್ಕನೆಯದು ಹರಾಜಿನ ಕಥೆ, ಅದನ್ನ ಮಾರ್ಕೆಟ್ ಅಂತ ತಿಳಿಯಬೇಡಿ. 2020ರಲ್ಲಿ ಹೊಸ ಥಾರಿನ ಮೊದಲನೇ ನಂಬರಿನ ಗಾಡಿ 1.11 ಕೋಟಿಗೆ ಹೋಯಿತು ಅಂತ ಈಗಲೂ ಉದಾಹರಣೆ ಕೊಡೋರಿದ್ದಾರೆ. ಅದು ದಾನಕ್ಕೆ ಇಟ್ಟ ಹರಾಜು; ಕೊಟ್ಟವರು ಒಳ್ಳೇ ಕೆಲಸಕ್ಕೆ ಕೊಟ್ಟರು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಅನುಭವದ್ದೊಂದು: 22 ವರ್ಷದಲ್ಲಿ ನನ್ನ ಕೈಮೇಲೆ ಹೋದ ಯಾವ ಎಡಿಷನ್ ಗಾಡಿಯೂ ಬಿಡದಿ ಫ್ಯಾಕ್ಟರಿಯ ಮಾಮೂಲಿ ಡೀಸೆಲ್ ಇನ್ನೋವಾದಷ್ಟು ರೇಟು ಹಿಡಿದು ನಿಂತಿಲ್ಲ. ಬಿಳಿ ಬಣ್ಣ, ಒಂದು ಲಕ್ಷ ಓಡಿರೋದು, ಸೀಟ್ ಮೇಲೆ ಟವೆಲ್ ಹಾಸಿರೋದು. ಬೆಳಿಗ್ಗೆ ಬಂದರೆ ಸಂಜೆಗೆ ಇರಲ್ಲ.

ಪಾರ್ಟ್ಸ್ ಕೌಂಟರಿನಲ್ಲಿ ಒಂದು ಪ್ರಶ್ನೆ

ಇದನ್ನ ನಾನು ಪೆಟ್ಟು ತಿಂದು ಕಲಿತದ್ದು. 2012ರಲ್ಲಿ ಮನೆಯವಳಿಗೆ ಅಂತ ಒಂದು ಎಡಿಷನ್ ಗಾಡಿ ತೊಗೊಂಡೆ. ಕಂಪನಿ ಹೆಸರು ಬೇಡ. ಎರಡು ಬಣ್ಣದ ಬಾಡಿ, ಕನ್ನಡಿಯ ಕವರಿಗೆ ಮಾತ್ರ ಆ ಎಡಿಷನ್ನಿನ ಕಿತ್ತಳೆ ಬಣ್ಣ. ಎರಡನೇ ವರ್ಷ ದೇವರಾಜ ಮಾರ್ಕೆಟ್ ಹತ್ತಿರ ಆಟೋದವನೊಬ್ಬ ಎಡಗಡೆ ಕನ್ನಡಿ ಸವರಿಕೊಂಡು ಹೋದ. ಸರ್ವಿಸ್ ಸೆಂಟರಿಗೆ ಹೋದರೆ ಆ ಕವರ್ ಬಿಡಿಯಾಗಿ ಬರಲ್ಲ, ಕಿಟ್ಟೂ ಈಗ ಬರ್ತಿಲ್ಲ, ಬೇಕಿದ್ದರೆ ಕಪ್ಪು ಹಾಕಿಕೊಡ್ತೀವಿ ಅಂದರು. ಒಂದು ಕಡೆ ಕಿತ್ತಳೆ, ಒಂದು ಕಡೆ ಕಪ್ಪು ಇಟ್ಟುಕೊಂಡು ಎರಡು ವರ್ಷ ಓಡಿಸಿದಳು. ಆಮೇಲೆ ನಾನೇ ಎರಡೂ ಕಪ್ಪು ಮಾಡಿಸಿ ಮಾಮೂಲಿ ರೇಟಿಗೆ ಕೊಟ್ಟೆ. ಆ ಕಿತ್ತಳೆ ಬಲಗಡೆ ಕವರು ಇವತ್ತಿಗೂ ನನ್ನ ಡ್ರಾಯರಿನಲ್ಲಿದೆ, ಪೆನ್ನು ಇಡೋಕೆ.

ಅದಕ್ಕೇ ಹೇಳೋದು: ಬುಕ್ ಮಾಡೋ ಮೊದಲು ಸೇಲ್ಸ್ ಮೇಜು ಬಿಟ್ಟು ಹಿಂದುಗಡೆ ಪಾರ್ಟ್ಸ್ ಕೌಂಟರಿಗೆ ಹೋಗಿ. ಆ ಎಡಿಷನ್ನಿನ ಬ್ಯಾಡ್ಜು, ಒಂದು ಬಾಗಿಲಿನ ಗ್ರಾಫಿಕ್, ಒಂದು ಅಲಾಯ್, ಇವುಗಳ ಪಾರ್ಟ್ ನಂಬರೂ ಬೆಲೆಯೂ ಕೇಳಿ. ಕಂಪ್ಯೂಟರಲ್ಲಿ ನಂಬರ್ ಬಂದರೆ ಅದು ಫ್ಯಾಕ್ಟರಿ ವಸ್ತು. ಕೌಂಟರಿನವನು ತಲೆ ಕೆರೆದುಕೊಂಡು ಸೇಲ್ಸ್ ಕಡೆ ಕೈ ತೋರಿಸಿದರೆ ನಿಮಗೆ ಉತ್ತರ ಸಿಕ್ಕಿತು. ಕಂಪನಿಯೇ ದೇಶ ಬಿಟ್ಟು ಹೋಗೋ ಸೂಚನೆ ಇದ್ದರಂತೂ ಎಡಿಷನ್ ಸಹವಾಸವೇ ಬೇಡ. 2017ರ ಕೊನೆಗೆ ಶೆವರ್ಲೆ ಇಲ್ಲಿ ಮಾರಾಟ ನಿಲ್ಲಿಸಿದಾಗ ಒಳ್ಳೊಳ್ಳೆ ಗಾಡಿಗಳೂ ಕೇಳೋರಿಲ್ಲದೆ ನಿಂತಿದ್ದನ್ನ ಕಣ್ಣಾರೆ ನೋಡಿದ್ದೀನಿ.

ಸೆಕೆಂಡ್ ಹ್ಯಾಂಡಲ್ಲಿ ತೊಗೊಳ್ಳೋದಾದರೆ

ನನ್ನ ಕೇಳಿದರೆ ಎಡಿಷನ್ ಆಸೆ ಇರೋರು ಹೀಗೆ ತೊಗೊಳ್ಳೋದೇ ಲಾಭ. ಮೊದಲನೆಯವನು ಆ ಹೆಚ್ಚಿನ ದುಡ್ಡು, ಅದರ ಟ್ಯಾಕ್ಸು ಎಲ್ಲ ನುಂಗಿರ್ತಾನೆ. ಆದರೆ ನಕಲಿ ಜಾಸ್ತಿ. ಯಾವ ಬ್ಯಾಡ್ಜ್ ಬೇಕಾದರೂ ಸಿಗೋ ಕಾಲ, ಗಾಡಿ ಮೈಗೆ ಅಂಟಿಸೋ ಕಪ್ಪು ಹಾಳೆ, ಅಂದರೆ ರ‍್ಯಾಪ್, ಹೊಡೆದು ಡಾರ್ಕ್ ಎಡಿಷನ್ ಅಂತ ತರೋರನ್ನ ತಿಂಗಳಿಗೊಬ್ಬರನ್ನಾದರೂ ನೋಡ್ತೀನಿ.

ಮೊದಲು ಆರ್‌ಸಿಯ ಬಣ್ಣದ ಕಾಲಂ ನೋಡಿ. ಅಲ್ಲಿ ಬಿಳಿ ಅಂತಿದ್ದು ಗಾಡಿ ಕಪ್ಪಿದ್ದರೆ ಮಾತು ಮುಗೀತು. ಬಣ್ಣ ಸರಿ ಇದ್ದರೆ ಬಾಗಿಲಿನ ರಬ್ಬರ್ ಎಳೆದು ಒಳ ಅಂಚು, ಬಾನೆಟ್ ಕೆಳಭಾಗ, ಪೆಟ್ರೋಲ್ ಮುಚ್ಚಳದ ಒಳಗೆ ನೋಡಿ; ರ‍್ಯಾಪ್ ಮಾಡಿದವನು ಅಲ್ಲಿವರೆಗೆ ಹೋಗಿರಲ್ಲ. ಎಷ್ಟೋ ಆರ್‌ಸಿಗಳಲ್ಲಿ ಬರೀ ಮೂಲ ವೇರಿಯಂಟಿನ ಹೆಸರು ಇರುತ್ತೆ, ಎಡಿಷನ್ ಇರಲ್ಲ, ಅಷ್ಟಕ್ಕೇ ನಕಲಿ ಅನ್ನಬೇಡಿ. ಹೊಸದಾಗಿ ಕೊಂಡಾಗಿನ ಇನ್‌ವಾಯ್ಸ್ ಕೇಳಿ, ಅದರಲ್ಲಿ ಪೂರ್ತಿ ಹೆಸರಿರುತ್ತೆ. ಇನ್‌ವಾಯ್ಸ್ ಕಳೆದುಹೋಗಿದೆ ಅಂದರೆ ಚಾಸಿಸ್ ನಂಬರ್ ಹಿಡಿದು ಕಂಪನಿ ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿ. 17 ಅಕ್ಷರದ ಆ ನಂಬರಿನ ಮೊದಲ ಮೂರು ತಯಾರಕರದ್ದು: ಮಾರುತಿಗೆ ಎಂಎ3, ಮಹೀಂದ್ರಕ್ಕೆ ಎಂಎ1, ಟಾಟಾಗೆ ಎಂಎಟಿ, ಬಿಡದಿ ಟೊಯೊಟಾಗೆ ಎಂಬಿಜೆ. ಎಡಿಷನ್ ಮಾರುಕಟ್ಟೆಯಲ್ಲಿ ಇದ್ದದ್ದು ಯಾವ ತಿಂಗಳಿಂದ ಯಾವ ತಿಂಗಳವರೆಗೆ ಅಂತ ತಿಳಿದುಕೊಂಡು ಆರ್‌ಸಿಯ ತಯಾರಿ ತಿಂಗಳಿಗೆ ಹೊಂದಿಸಿ. ಅರ್ಧ ನಕಲಿ ಅಲ್ಲೇ ಸಿಕ್ಕಿಬೀಳುತ್ತೆ.

ಕಡಿಮೆ ಓಡಿದೆ ಅಂತ ಮರುಳಾಗಬೇಡಿ. ಒಬ್ಬರು ಏಳು ವರ್ಷದ ಗಾಡಿ, 6 ಸಾವಿರ ಕಿಲೋಮೀಟರ್, "ಕಲೆಕ್ಷನ್ನಿಗೆ ಅಂತ ಇಟ್ಟಿದ್ದೆ" ಅಂತ ತಂದರು. ಟೈರ್ ಪಕ್ಕದ ನಾಲ್ಕು ಅಂಕಿ ನೋಡಿದೆ, 2317. ಅಂದರೆ 2017ರ 23ನೇ ವಾರದ್ದು. ಕೈಯಿಂದ ಒತ್ತಿದರೆ ಬಿರುಕಿನಲ್ಲಿ ಉಗುರು ಹೋಗ್ತಿತ್ತು. ಒಂದೇ ಜಾಗದಲ್ಲಿ ನಿಂತು ನಿಂತು ಟೈರು ಚಪ್ಪಟೆ, ಓಡಿಸಿದರೆ ಎತ್ತಿನಗಾಡಿ. ಬ್ಯಾಟರಿ ಸತ್ತಿತ್ತು, ಎಸಿ ಪೈಪಿಗೆ ಇಲಿ ಬಾಯಿ ಹಾಕಿತ್ತು. ಕಮ್ಮಿ ಓಡಿದ್ದಕ್ಕೆ ಹೆಚ್ಚು ಕೊಡೋ ಬದಲು ನಾನು 60 ಸಾವಿರ ಇಳಿಸಿ ಕೇಳಿದೆ, ಅವರು ಕೋಪ ಮಾಡಿಕೊಂಡು ಹೋದರು. ತಿಂಗಳಾದ ಮೇಲೆ ಅದೇ ರೇಟಿಗೆ ಬೇರೆ ಕಡೆ ಕೊಟ್ಟರಂತೆ.

ಇಟ್ಟುಕೊಂಡಿರೋರಿಗೆ

ತಿಂಗಳಿಗೆ ಎರಡು ಸಲವಾದರೂ ಎಂಜಿನ್ ಪೂರ್ತಿ ಬಿಸಿಯಾಗೋವರೆಗೆ ಓಡಿಸಿ. ಗ್ರಾಫಿಕ್ ಇದ್ದರೆ ವಾಟರ್‌ಸರ್ವಿಸಿನವನಿಗೆ ಪ್ರೆಶರ್ ಗನ್ನು ಅಂಚಿಗೆ ಹಿಡಿಯಬೇಡ ಅಂತ ಹೇಳಿ, ನೆರಳಲ್ಲಿ ನಿಲ್ಲಿಸಿ. ಅಲಾಯ್ ಬದಲಾಯಿಸಿದರೆ ಹಳೇದನ್ನ ಟೈರ್ ಅಂಗಡಿಯವನಿಗೆ ಕೊಡದೆ ಅಟ್ಟದ ಮೇಲೆ ಹಾಕಿ. ಎರಡೂ ಕೀ, ಎಡಿಷನ್ನಿನ ಕ್ರಮಸಂಖ್ಯೆ ಇರೋ ಪ್ಲೇಟು, ಡೆಲಿವರಿ ದಿನ ಕೊಟ್ಟ ಡಬ್ಬಿ, ಬ್ರೋಷರ್ ಸಮೇತ ಒಂದು ಚೀಲದಲ್ಲಿ ಇಡಿ. ಬ್ರೋಷರ್ ನಗೋ ವಿಷಯ ಅನ್ನಿಸಬಹುದು. ಕೊಳ್ಳೋಕೆ ಬಂದ ಹುಚ್ಚ ಅದನ್ನ ತಿರುವಿ ಹಾಕುವಾಗ ಅವನ ಮುಖ ನೋಡಿ, ಆಮೇಲೆ ರೇಟು ಹೇಳಿ.

ಇಪ್ಪತ್ತು ವರ್ಷ ಇಟ್ಟು ಮಾರ್ತೀನಿ ಅನ್ನೋ ಕನಸಿದ್ದರೆ 15 ವರ್ಷ ತುಂಬಿದ ಮೇಲೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ರಿಜಿಸ್ಟ್ರೇಷನ್ ರಿನ್ಯೂವಲ್, ಗ್ರೀನ್ ಟ್ಯಾಕ್ಸ್ ಇರುತ್ತೆ. ಕಾರಿನ ರಿನ್ಯೂವಲ್ ಫೀ 2022ರಿಂದ 5 ಸಾವಿರ, 20 ವರ್ಷ ದಾಟಿದರೆ 2025ರಿಂದ 10 ಸಾವಿರ. ಆ ಲೆಕ್ಕವೂ ತಲೆಯಲ್ಲಿರಲಿ.

ಮಾರುವಾಗ

ಎಕ್ಸ್‌ಚೇಂಜ್ ಕೌಂಟರಿಗೆ ಎಡಿಷನ್ ಗಾಡಿ ತೊಗೊಂಡು ಹೋಗಬೇಡಿ. ಅವರ ಕಂಪ್ಯೂಟರಲ್ಲಿ ಇರೋದು ವರ್ಷ, ವೇರಿಯಂಟು, ಕಿಲೋಮೀಟರು. ಆ ಗಾಡಿಯ ಓನರ್‌ಗಳ ಬಳಗದಲ್ಲಿ ಹೇಳಿ, ಅಲ್ಲಿರೋ ಒಬ್ಬನಿಗೆ ಅದರ ಬೆಲೆ ಗೊತ್ತಿರುತ್ತೆ, ನಿಮಗೆ ಬೇಕಾದ್ದೂ ಒಬ್ಬನೇ. ರೇಟು ಕಟ್ಟೋಕೆ ಜಾಹೀರಾತಿನ ಬೆಲೆ ನಂಬಬೇಡಿ. ಒಂದೇ ಗಾಡಿಯ ನಾಲ್ಕೈದು ಜಾಹೀರಾತುಗಳ ಫೋಟೋ ತೆಗೆದಿಟ್ಟುಕೊಂಡು ಒಂದು ತಿಂಗಳು ನೋಡಿ. ಮಾಯವಾದದ್ದರ ಬೆಲೆ ಮಾರ್ಕೆಟ್ಟಿಗೆ ಹತ್ತಿರ, ತಿಂಗಳಾದರೂ ಕೂತಿದ್ದರ ಬೆಲೆ ಓನರಿನ ಆಸೆ. ಹೊಸ ತಲೆಮಾರಿನ ಗಾಡಿ ಬರ್ತಿದೆ ಅಂತ ಸುದ್ದಿ ಎದ್ದಿದ್ದರೆ ಅದು ಬರೋ ಮೊದಲೇ ಕೊಟ್ಟುಬಿಡಿ. 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ಇಳಿದು ಸಣ್ಣ ಗಾಡಿಗಳಿಗೆ 18 ಪರ್ಸೆಂಟ್ ಆದಾಗ ಹಳೇ ಗಾಡಿ ರೇಟೂ ಜೊತೆಗೇ ಇಳಿಯಿತು. ಹಿಂದಿನ ವಾರ ಜಗ್ಗಾಡಿದವರು ಮುಂದಿನ ವಾರ ಪೇಚಾಡಿದರು.

ವ್ಯವಹಾರ ಕುದುರಿದ ಮೇಲೆ ಓನರ್ ಹೆಸರು ಬದಲಾವಣೆಗೆ ಫಾರಂ 29, 30ಕ್ಕೆ ಸಹಿ, ಲೋನ್ ಇದ್ದರೆ ಅದನ್ನ ಆರ್‌ಸಿಯಿಂದ ತೆಗೆಸೋಕೆ ಬ್ಯಾಂಕಿನ ಎನ್‌ಒಸಿ ಜೊತೆ ಫಾರಂ 35. ಕ್ಲೇಮ್ ಮಾಡದ್ದಕ್ಕೆ ಇನ್ಶೂರೆನ್ಸ್ ಪ್ರೀಮಿಯಮ್ಮಿನಲ್ಲಿ ಸಿಗೋ ರಿಯಾಯಿತಿ, ನೋ ಕ್ಲೇಮ್ ಬೋನಸ್, ನಿಮ್ಮದು, ಗಾಡಿಯದಲ್ಲ, ಪತ್ರ ಮಾಡಿಸಿಕೊಳ್ಳಿ. ಗಾಡಿ ಕೊಟ್ಟ 14 ದಿನದೊಳಗೆ ಆರ್‌ಟಿಒಗೆ ತಿಳಿಸೋದು ನಿಮ್ಮ ಕೆಲಸ, ಕೊಂಡವನು ಮಾಡಿಸ್ಕೋತಾನೆ ಅಂತ ಬಿಟ್ಟರೆ ಕ್ಯಾಮೆರಾ ಫೈನ್ ನಿಮ್ಮ ಮೊಬೈಲಿಗೇ ಬರುತ್ತೆ.

ಮೇಷ್ಟ್ರು ಕೊನೆಗೆ ಗಾಡಿ ಮಾರಲಿಲ್ಲ. ಡೀಲರ್ ಹೇಳಿದ ರೇಟು ಕೇಳಿ ಫೈಲ್ ಕಟ್ಟಿಕೊಂಡು ಎದ್ದು, "ಹಾಗಾದರೆ ನಾನೇ ಓಡಿಸ್ತೀನಿ ಬಿಡು, ನನಗೆ ಆ ಪಟ್ಟೆ ಇಷ್ಟವೇ" ಅಂದರು. ಹೋದ ವಾರ ಫೋನ್ ಮಾಡಿದ್ದರು, ಎದ್ದಿದ್ದ ಆ ತುದಿ ಪೂರ್ತಿ ಹರಿದುಹೋಗಿದೆಯಂತೆ, ಹಿಂದಿನ ಎಡಬಾಗಿಲಿನ ಪಟ್ಟೆ ಎಲ್ಲಾದರೂ ಸಿಗುತ್ತಾ ಅಂತ. ಮೂರು ಕಡೆ ಕೇಳಿದ್ದೀನಿ, ಇನ್ನೂ ಸಿಕ್ಕಿಲ್ಲ.